ಕೆಂಪು ಶಾಯಿಯ ಮೈನಸ್ಸುಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಸೂಜಿಗೆ ಒಗ್ಗಿದ ಬೆರಳು ಪೆನ್ನಿಗೆ ಬೇಗ ಒಗ್ಗುವುದಿಲ್ಲ, ಗೆರೆ ಅಲುಗುತ್ತದೆ. ಮಾತೂ ನನ್ನ ಬಳಿ ಹೆಚ್ಚಿಲ್ಲ. ಅರ್ಧದಲ್ಲಿ ಶಾಲೆ ಬಿಟ್ಟವಳ ಬಳಿ ಎಷ್ಟಿರುತ್ತದೋ ಅಷ್ಟೇ. ಆದರೆ ನುವ್ವಾರಾಳ ಜೊತೆ ಒಂದೇ ಚಾಪೆಯ ಮೇಲೆ ಕೂತು ಕಸೂತಿ ಮಾಡಿದವಳು ನಾನು. ಅವಳು ಹೇಳಿದ್ದನ್ನು, ನಾನು ಕಂಡದ್ದನ್ನು ಮೂರು ಸಲ ಬರೆದು, ತಪ್ಪೆನಿಸಿದ್ದನ್ನು ಹೊಡೆದುಹಾಕಿ, ಉಳಿದದ್ದನ್ನು ಇಲ್ಲಿ ಇಟ್ಟಿದ್ದೇನೆ.

ನುವ್ವಾರಾ ನಮ್ಮೂರಿನ ಕ್ಷೌರಿಕ ಅಬ್ದುಲ್‌ರಾದಿಯ ಮಗಳು. ಅಬ್ದುಲ್‌ರಾದಿಯ ಬಾಯಿ ಎಂಥದೆಂದರೆ, ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡವನು ಮುಖ ಒರೆಸಿಕೊಂಡು ಏಳುವಷ್ಟರಲ್ಲಿ ಊರಿನ ಮೂರು ಜಗಳ, ಎರಡು ನಿಶ್ಚಿತಾರ್ಥ, ನೈಲ್ ನದಿಯ ಅಂದಿನ ನೀರಿನ ಮಟ್ಟ ಎಲ್ಲ ಅವನ ಕಿವಿಗೆ ಬಿದ್ದಿರುತ್ತಿದ್ದವು. ಆ ಬಾಯಲ್ಲಿ ಕಾಲು ಪಾಲೂ ಮಗಳಿಗೆ ಬರಲಿಲ್ಲ. ಮನೆಗೆ ಯಾರಾದರೂ ಬಂದರೆ ಅವಳು ಟೀ ಲೋಟಗಳ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಒಮ್ಮೆ ಕೆಮ್ಮಿ, ಒಳಗೆ ಹೋಗಿಬಿಡುತ್ತಿದ್ದಳು. ನೆಂಟರು ಆ ಕೆಮ್ಮಿನಿಂದಲೇ ಅವಳನ್ನು ಗುರುತಿಸುತ್ತಿದ್ದರು.

ಆದರೆ ಲೆಕ್ಕದಲ್ಲಿ ಅವಳಿಗೆ ಅಂಜಿಕೆ ಎಂಬುದೇ ಇರಲಿಲ್ಲ. ಪುಸ್ತಕದಲ್ಲಿ ಲೆಕ್ಕವೊಂದು ಎದುರಾದರೆ, ನಮ್ಮ ಊರಿನ ಹೆಂಗಸರು ಬೀನ್ಸಿನ ರಾಶಿಯ ಮುಂದೆ ಕೂರುವ ಹಾಗೆ, ಕಾಲು ಮಡಚಿ ನೆಮ್ಮದಿಯಾಗಿ ಕೂರುತ್ತಿದ್ದಳು. ಅವಳಿಗೆ ಆಗದೆ ಇದ್ದದ್ದು ಬೋರ್ಡು. ಪ್ರೌಢಶಾಲೆಯ ಎರಡನೇ ವರ್ಷ, ಬೀಜಗಣಿತದ ಮೇಷ್ಟ್ರು ದಿನಕ್ಕೊಬ್ಬರನ್ನು ಬೋರ್ಡಿಗೆ ಕರೆಯುತ್ತಿದ್ದರು. ಅವಳಿಗೆ ಉತ್ತರ ಗೊತ್ತಿರುತ್ತಿತ್ತು, ಸೀಮೆಸುಣ್ಣ ಕೈಯಲ್ಲಿರುತ್ತಿತ್ತು, ಆದರೆ ನಲವತ್ತು ಜೊತೆ ಕಣ್ಣು ಬೆನ್ನಿಗೆ ತಾಗಿದ ಕೂಡಲೇ ತೋಳು ಮೇಲೇಳುತ್ತಿರಲಿಲ್ಲ. ಮೇಷ್ಟ್ರು ಕೆಟ್ಟವರೇನಲ್ಲ. "ಗೋಡೆಗೆ ಸುಣ್ಣ ಹಚ್ಚೋಕೆ ಬಂದ್ಯಾ ಮಗಳೇ? ಹೋಗು, ಕೂತ್ಕೋ" ಎನ್ನುತ್ತಿದ್ದರು, ಅಷ್ಟೇ. ನಮ್ಮಲ್ಲಿ ವಾರದ ರಜೆ ಶುಕ್ರವಾರ. ಒಂದು ಶನಿವಾರ ಅವಳು ಹೊಟ್ಟೆನೋವು ಎಂದಳು. ಭಾನುವಾರ ತಲೆನೋವು ಎಂದಳು. ಸೋಮವಾರದಿಂದ ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳಲಿಲ್ಲ.

ಹೀಗೆ ಹದಿನೈದನೇ ವಯಸ್ಸಿಗೆ ಅವಳು ಹಜ್ ಯಾತ್ರೆ ಮಾಡಿಬಂದ ಹಾಜ್ಜಾ ಸಿತ್ತೊಹೊಮ್ ಅವರ ಅಂಗಳದ ಚಾಪೆಗೆ ಬಂದಳು. ಹಾಜ್ಜಾ ನಮಗೆಲ್ಲ ತಲ್ಲಿ ಕಸೂತಿ ಕಲಿಸಿದವರು. ಕಪ್ಪು ಬಲೆಬಟ್ಟೆಯ ಕಣ್ಣುಗಳನ್ನು ಎಣಿಸಿ, ಬೆಳ್ಳಿ ಬಣ್ಣದ ಚಪ್ಪಟೆ ತಂತಿಯನ್ನು ಪೋಣಿಸಿ, ಉಗುರಿನಿಂದ ಒತ್ತಿ ಮುರಿಯುವ ಕೆಲಸ. ಒಂದು ಕಣ್ಣು ತಪ್ಪಿದರೆ ಚಿತ್ರದ ಒಂಟೆಗೆ ಐದನೇ ಕಾಲು ಬರುತ್ತದೆ. ನುವ್ವಾರಾಳ ಒಂಟೆಗೆ ಯಾವತ್ತೂ ನಾಲ್ಕೇ ಕಾಲು. ಹಾಜ್ಜಾ ಅವಳ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಬಾಯಿ ಇಲ್ಲ, ಆದ್ರೆ ಕಣ್ಣು ಇದೆ" ಎಂದು ನಮ್ಮ ಕಡೆ ತಿರುಗಿ, "ನಿಮಗೆ ಬಾಯಿ ಇದೆ, ದೇವರು ದೊಡ್ಡವನು" ಎನ್ನುತ್ತಿದ್ದರು.

ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬಹುದು ಎಂಬ ಸುದ್ದಿ ತಂದವನು ಅಬ್ದುಲ್‌ರಾದಿ. ಗಿರಾಕಿಯೊಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಮನೆಗೆ ಓಡಿಬಂದಿದ್ದ.

"ನುವ್ವಾರಾ! ಬೋರ್ಡೇ ಇಲ್ದಿರೋ ಶಾಲೆ ಇದೆಯಂತೆ ಕಣೇ. ಮನೇಲಿ ಓದೋದು, ಸೊಹಾಗ್‌ಗೆ ಹೋಗಿ ಬರೆಯೋದು, ಬರೋದು. ಯಾರೂ ಏನೂ ಕೇಳಲ್ಲ!"

ಅವಳು ಕೆಮ್ಮಿದಳು. ಅಂದರೆ ಒಪ್ಪಿಗೆ.

ಮೊದಲ ಸಲ ಎಲ್ಲ ವಿಷಯದಲ್ಲೂ ಪಾಸಾದಳು, ಬೀಜಗಣಿತ ಒಂದನ್ನು ಬಿಟ್ಟು. ಮೂವತ್ತಕ್ಕೆ ಹದಿನೈದು ಬೇಕಿತ್ತು, ಹದಿಮೂರು ಬಂತು. ಲೆಕ್ಕದ ಹುಡುಗಿ ಲೆಕ್ಕದಲ್ಲೇ ಬಿದ್ದದ್ದು ಹೇಗೆಂದರೆ, ಹಳೇ ಪುಸ್ತಕ ಮಾರುವವನ ಬಳಿ ಅವಳು ಕೊಂಡಿದ್ದ ಬೀಜಗಣಿತದಲ್ಲಿ ಶ್ರೇಢಿಗಳ ಅಧ್ಯಾಯವೇ ಇರಲಿಲ್ಲ. ಆ ಹಾಳೆಗಳಲ್ಲಿ ಯಾರೋ ಹುರಿದ ಕಲ್ಲಂಗಡಿ ಬೀಜ ಕಟ್ಟಿಕೊಟ್ಟಿದ್ದರು. ಇಲ್ಲದ ಅಧ್ಯಾಯದಿಂದ ಹನ್ನೆರಡು ಅಂಕದ ಪ್ರಶ್ನೆ ಬಂದಿತ್ತು. ಶಿಕ್ಷಣ ಕಚೇರಿಯ ಗುಮಾಸ್ತ ಅವಳ ಅಪ್ಪನಿಗೆ ಹೇಳಿದ: "ಇನ್ನೊಂದೇ ಸಲ. ಆಗ್ಲೂ ಹೋದ್ರೆ ಹುಡುಗಿ ಫೈಲಿಗೆ ದಾರ ಸುತ್ತಿ ಅಟ್ಟಕ್ಕೆ ಹಾಕ್ತೀವಿ. ಆಮೇಲೆ ನನ್ನ ಹತ್ರ ಬರಬೇಡಿ, ಮಂತ್ರಿ ಹತ್ರ ಹೋದ್ರೂ ಆಗಲ್ಲ."

ಹಾಗಾಗಿ ಈ ಸಲದ ಪರೀಕ್ಷೆಯೇ ಎಲ್ಲ. ಪಾಸಾದರೆ ಮೂರನೇ ವರ್ಷ, ಇಲ್ಲದಿದ್ದರೆ ಅವಳ ಹೆಸರು ಅಟ್ಟದ ಮೇಲೆ. ಅಬ್ದುಲ್‌ರಾದಿ ಅಂಗಡಿಯ ಕನ್ನಡಿಯ ಮುಂದೆ ನಿಂತು, ಬಂದವರೆದುರು ಆಣೆ ಮಾಡಿದ: "ನನ್ನ ಮಗಳು ಪಾಸಾಗ್ದಿದ್ರೆ ಈ ಮೀಸೆ ಬೋಳಿಸ್ತೀನಿ. ಅದೂ ಇನ್ನೊಬ್ಬ ಕ್ಷೌರಿಕನ ಕೈಲಿ!" ನಮ್ಮ ಕಡೆ ಗಂಡಸಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ನುವ್ವಾರಾಳಿಗೆ ಇದು ಗೊತ್ತಾದ ಮೇಲೆ ಒಂದು ವಾರ ಆ ಬೀದಿಯಲ್ಲಿ ನಡೆಯಲಿಲ್ಲ, ಹಿಂದಿನ ಕಾಲುವೆಯ ದಂಡೆಯಿಂದ ಸುತ್ತಿ ಬರುತ್ತಿದ್ದಳು.

ಶ್ರೇಢಿಗಳನ್ನು ಎಲ್ಲಿಂದ ಕಲಿಯುವುದು? ಸೊಹಾಗ್ ಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮಗಳು ಇಂಜಿ ಇದ್ದಳು. ಇಂಜಿ ಓದುವುದು ಇಂಗ್ಲಿಷಿನಲ್ಲಿ ಗಣಿತ ಕಲಿಸುವ ಶಾಲೆಯಲ್ಲಿ. ಚಿಕ್ಕಮ್ಮ ಜನವರಿಯಲ್ಲಿ ಇಂಜಿಯ ನೋಟ್‌ಬುಕ್ಕನ್ನು ಕಳಿಸಿಕೊಟ್ಟಳು. ಮುದ್ದಾದ ಅಕ್ಷರ, ಪ್ರತಿ ಉತ್ತರದ ಕೆಳಗೆ ಎರಡು ಗೆರೆ. ನುವ್ವಾರಾ ಇಂಗ್ಲಿಷ್ ಮಾತುಗಳನ್ನು ಬಿಟ್ಟು ಅಂಕಿಗಳನ್ನು ಹಿಡಿದಳು. ಆಕಾರ ಬೇರೆಯಾದರೂ ಅಂಕಿಗಳ ಲೆಕ್ಕ ಎಲ್ಲರಿಗೂ ಒಂದೇ ತಾನೇ?

ತಪ್ಪಾದದ್ದು ಇಲ್ಲೇ. ನಮ್ಮ ಅರಬ್ಬಿ ಬರಹ ಬಲದಿಂದ ಎಡಕ್ಕೆ, ನಮ್ಮ ಶಾಲೆಯ ಗಣಿತವೂ ಬಲದಿಂದ ಎಡಕ್ಕೆ. ಇಂಜಿಯದು ಎಡದಿಂದ ಬಲಕ್ಕೆ. ಇಂಗ್ಲಿಷ್ ಅಕ್ಷರ ಎಡದಿಂದ ಬರುತ್ತದೆ ಎಂದು ನುವ್ವಾರಾಳಿಗೆ ಗೊತ್ತಿತ್ತು. ಅಂಕಿಗಳ ಸಾಲೂ ಹಾಗೇ ಬರುತ್ತದೆ ಎಂದು ತೋಚಲಿಲ್ಲ. ಇಂಜಿ ಬರೆದದ್ದು: ಐದು, ಎಂಟು, ಹನ್ನೊಂದು, ಮೂರು ಚುಕ್ಕೆ, ಅರವತ್ತೆರಡು. ನುವ್ವಾರಾ ಹುಟ್ಟಿದಾಗಿನಿಂದ ಓದಿದ ಹಾಗೆ ಬಲಗಡೆಯಿಂದ ಓದಿದಳು: ಅರವತ್ತೆರಡು, ಮೂರು ಚುಕ್ಕೆ, ಹನ್ನೊಂದು, ಎಂಟು, ಐದು. ಮೊದಲ ಪದ ಆದ ಕೂಡಲೇ ಚುಕ್ಕೆ ಯಾಕೆ ಎಂದು ಅವಳಿಗೂ ಅನಿಸಿತ್ತು. ಪಟ್ಟಣದ ಶಾಲೆಯವರು ಲೆಕ್ಕ ಕಷ್ಟವಾಗಲಿ ಎಂದು ನಡುವಿನದನ್ನು ಮುಚ್ಚಿಟ್ಟು ಕೊನೆಯ ಮೂರನ್ನು ಮಾತ್ರ ತೋರಿಸುತ್ತಾರೆ ಎಂದುಕೊಂಡಳು.

ಅವಳ ಲೆಕ್ಕದಲ್ಲಿ ಅಂಕಿಗಳು ಮೂರು ಮೂರು ಕಡಿಮೆಯಾಗುತ್ತಿದ್ದವು. ಇಂಜಿ ವ್ಯತ್ಯಾಸ ಮೂರು ಎಂದು ಬರೆದಿದ್ದಳು. ಮೈನಸ್ ಇರಲಿಲ್ಲ. ಪಾಪ, ಅವಸರದಲ್ಲಿ ಬಿಟ್ಟಿದ್ದಾಳೆ ಎಂದುಕೊಂಡ ನುವ್ವಾರಾ ಅಪ್ಪನ ಅಂಗಡಿಯಿಂದ ಕೆಂಪು ಪೆನ್ನು ತಂದು ಅಲ್ಲೊಂದು ಮೈನಸ್ ಹಾಕಿದಳು. ಮುಂದಿನ ಲೆಕ್ಕದಲ್ಲೂ ಮೈನಸ್ ಇಲ್ಲ. ಅಲ್ಲೂ ಹಾಕಿದಳು. ಐದನೇ ಪದ ಹದಿನೇಳು ಎಂದು ಇಂಜಿ ಬರೆದಿದ್ದಳು, ನುವ್ವಾರಾಳಿಗೆ ಐವತ್ತು ಬಂತು. ಮೂರು ಸಲ ಮಾಡಿದಳು, ಮೂರು ಸಲವೂ ಐವತ್ತೇ. ಹದಿನೇಳನ್ನು ಅಂದವಾಗಿ, ಸ್ಕೇಲು ಇಟ್ಟು, ಕೆಂಪಿನಲ್ಲಿ ಹೊಡೆದು ಐವತ್ತು ಎಂದು ಬರೆದಳು. ಅವಳ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಅಕ್ಷರದವರು ಲೆಕ್ಕದಲ್ಲಿ ಸ್ವಲ್ಪ ಹಿಂದೆ ಇರುತ್ತಾರೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು.

ಅನುಮಾನ ಯಾಕೆ ಬರಲಿಲ್ಲ ಎಂದರೆ, ಮೊತ್ತದ ಲೆಕ್ಕಗಳೆಲ್ಲ ಸರಿಯಾಗಿ ಬರುತ್ತಿದ್ದವು. ಇಪ್ಪತ್ತು ಪದ ಕೂಡಿದರೆ ಆರುನೂರ ಎಪ್ಪತ್ತು, ಇಂಜಿಗೂ ಆರುನೂರ ಎಪ್ಪತ್ತು. ಕೊನೆಯ ಉತ್ತರ ಸರಿ ಬಂದ ಮೇಲೆ ದಾರಿ ತಪ್ಪಾಗಿರುವುದು ಹೇಗೆ? ಹೀಗೆ ಹನ್ನೊಂದು ವಾರ ಬೆಳಿಗ್ಗೆ ಕಸೂತಿ, ಮಧ್ಯಾಹ್ನದ ನಮಾಜಿನ ನಂತರ ಶ್ರೇಢಿ. ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಕೆಂಪು ಮೈನಸ್ಸುಗಳಾದವು.

ಏಪ್ರಿಲ್‌ನಲ್ಲಿ ವಸಂತದ ಹಬ್ಬ ಶಮ್ಮ್ ಎನ್ನಸೀಮ್ ಬಂತು. ಆ ದಿನ ಯಾರೂ ಮನೆಯೊಳಗೆ ಕೂರುವುದಿಲ್ಲ. ಚಿಕ್ಕಮ್ಮ ಮತ್ತು ಇಂಜಿ ಸೊಹಾಗ್‌ನಿಂದ ಬಂದರು. ಕಾಲುವೆಯ ದಂಡೆಯ ಮೇಲೆ ಚಾಪೆ ಹಾಸಿ, ಬಣ್ಣದ ಮೊಟ್ಟೆ, ಹಸಿ ಈರುಳ್ಳಿ, ಮೂಗು ಮುಚ್ಚಿಕೊಂಡು ಬಿಚ್ಚಿ ಬಾಯಿ ಚಪ್ಪರಿಸಿಕೊಂಡು ತಿನ್ನುವ ಉಪ್ಪು ಮೀನು ಎಲ್ಲ ಹರಡಿದ್ದರು. ಇಂಜಿ ಕೈ ತೊಳೆದುಕೊಂಡು, ನುವ್ವಾರಾಳ ಚೀಲದಿಂದ ತನ್ನ ನೋಟ್‌ಬುಕ್ಕನ್ನು ತೆಗೆದಳು.

"ಇದೇನೇ ನುವ್ವಾರಾ! ನನ್ನ ನೋಟ್‌ಬುಕ್ಕಿಗೆ ದಡಾರ ಬಂದಿದೆಯಾ?"

ನುವ್ವಾರಾಳ ಕಿವಿ ಬಿಸಿಯಾಯಿತು. ಆದರೂ ತಾನು ಸರಿ ಎಂಬ ಧೈರ್ಯ ಇತ್ತು. "ನೀನು ಮೈನಸ್ ಬಿಟ್ಟಿದ್ದೆ" ಎಂದಳು ಮೆಲ್ಲಗೆ. "ಎಲ್ಲಾ ಕಡೆ. ನಾನು ಸೇರಿಸಿದೀನಿ."

"ನಾನು? ಬಿಟ್ಟಿದ್ನಾ?" ಇಂಜಿ ಪುಟ ತಿರುವಿದಳು. "ಐದು, ಎಂಟು, ಹನ್ನೊಂದು. ಜಾಸ್ತಿ ಆಗ್ತಾ ಹೋಗ್ತಿದೆ ಕಣೇ. ಇದಕ್ಕೆ ಮೈನಸ್ ಯಾವ ದೇಶದಿಂದ ಬರುತ್ತೆ?"

"ಅರವತ್ತೆರಡು" ಎಂದು ನುವ್ವಾರಾ ಬಲತುದಿಗೆ ಬೆರಳಿಟ್ಟಳು. "ಆಮೇಲೆ ಚುಕ್ಕೆ. ಹನ್ನೊಂದು, ಎಂಟು, ಐದು. ಕಡಿಮೆ ಆಗ್ತಿದೆ."

ಇಂಜಿಯ ಬೆರಳು ಎಡದಿಂದ ಹೊರಟಿತು, ನುವ್ವಾರಾಳ ಬೆರಳು ಬಲದಿಂದ. ಎರಡೂ ಮೂರು ಚುಕ್ಕೆಗಳ ಮೇಲೆ ಡಿಕ್ಕಿ ಹೊಡೆದು ನಿಂತವು. ಇಂಜಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ಈರುಳ್ಳಿ ನೆತ್ತಿಗೇರುವಷ್ಟು.

"ಅಮ್ಮಾ, ಕೇಳು! ಇವಳು ಮೂರು ತಿಂಗಳು ನನ್ನ ಶ್ರೇಢಿನೆಲ್ಲ ಬಾಲದಿಂದ ಓದಿದ್ದಾಳೆ!"

"ಬಾಲದಿಂದ ಓದಿದ್ರೂ ಮೀನು ಮೀನೇ" ಎಂದ ಅಬ್ದುಲ್‌ರಾದಿ ಉಪ್ಪು ಮೀನಿನ ಮುಳ್ಳು ಬಿಡಿಸುತ್ತಾ. ಎಲ್ಲರೂ ನಕ್ಕರು. ಆದರೆ ಅವನು ಮಗಳ ಕಡೆ ನೋಡಿ, ನಗು ನಿಲ್ಲಿಸಿ, ಮೀಸೆ ಸವರಿಕೊಂಡ. ಪರೀಕ್ಷೆಗೆ ಉಳಿದಿದ್ದದ್ದು ಮೂರು ವಾರ.

ನುವ್ವಾರಾ ಎದ್ದು ಹೋಗಲಿಲ್ಲ. ಬೇರೆ ದಿನವಾಗಿದ್ದರೆ ಹೋಗಿರುತ್ತಿದ್ದಳು. ಅವಳ ತಲೆಯಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತ್ತು.

"ಹಾಗಾದ್ರೆ ಮೊತ್ತ ಹೇಗೆ ಸರಿ ಬಂತು?"

"ಹಾಂ?"

"ನಾನು ಉಲ್ಟಾ ಓದಿದೀನಿ, ಸರಿ. ಐದನೇ ಪದ ತಪ್ಪಾಯ್ತು, ಸರಿ. ಮೊತ್ತ ಯಾಕೆ ತಪ್ಪಾಗ್ಲಿಲ್ಲ? ಒಂದು ಸಲವೂ?"

ಇಂಜಿ ಭುಜ ಕುಣಿಸಿದಳು. "ಸೂತ್ರ ಹಾಗಿದೆ. ನಮ್ಮ ಟ್ಯೂಷನ್ ಮೇಷ್ಟ್ರು ಸೂತ್ರ ಹಾಡಿಸ್ತಾರೆ. ಯಾಕೆ ಅಂತ ಕೇಳಿದ್ರೆ, ಪರೀಕ್ಷೇಲಿ ಯಾಕೆ ಅಂತ ಬರಲ್ಲ, ಬಾಯಿ ಮುಚ್ಕೊಂಡು ಹಾಡು ಅಂತಾರೆ."

"ಬಾಯಿ ಮುಚ್ಕೊಂಡು ಹೇಗೆ ಹಾಡೋದು?" ಎಂದಳು ನುವ್ವಾರಾ. ನಾನು ಕೇಳಿದಂತೆ ಅದು ಅವಳ ಮೊದಲ ತಮಾಷೆ. ಇಂಜಿ ಮತ್ತೆ ನಕ್ಕಳು, ಈ ಸಲ ಬೇರೆ ಥರ.

ಮರುದಿನ ಅವಳು ನಮ್ಮೆಲ್ಲರಿಗಿಂತ ಮೊದಲೇ ಬಂದು ಚಾಪೆಯ ಮೇಲೆ ಕೂತಿದ್ದಳು. ನಾವು ಆಗ ಮದುವೆಯ ಶಾಲೊಂದಕ್ಕೆ ಅಂಚು ಕಟ್ಟುತ್ತಿದ್ದೆವು: ಸಾಲಾಗಿ ತ್ರಿಕೋನಗಳು, ತುದಿಯಲ್ಲಿ ಒಂದು ಹೊಲಿಗೆ, ಅದರ ಕೆಳಗೆ ಮೂರು, ಐದು, ಏಳು, ಹೀಗೆ ಹದಿನೈದರವರೆಗೆ. ಹಾಜ್ಜಾ ತಂತಿ ಕತ್ತರಿಸಿ ಹಂಚುತ್ತಿದ್ದರು. ಹಾಜ್ಜಾ ಒಂದು ತ್ರಿಕೋನಕ್ಕೆ ಅಂತ ಎಂದೂ ತಂತಿ ಅಳೆಯುವುದಿಲ್ಲ. ಎರಡಕ್ಕೆ ಅಳೆದು, ಮಡಚಿ, ನಡುವೆ ಕತ್ತರಿಸುತ್ತಾರೆ. ಇದನ್ನು ನಾವೆಲ್ಲ ನೂರು ಸಲ ನೋಡಿದ್ದೆವು. ಯಾರೂ ಕೇಳಿರಲಿಲ್ಲ.

"ಹಾಜ್ಜಾ, ಯಾವಾಗ್ಲೂ ಎರಡಕ್ಕೇ ಯಾಕೆ ಅಳೀತೀರಾ?" ಎಂದಳು ನುವ್ವಾರಾ.

ಹಾಜ್ಜಾ ಕತ್ತರಿ ಕೆಳಗಿಟ್ಟರು. "ಅಲ್ಲಾ! ಮೂಗಿ ಮಾತಾಡಿದ್ಲು. ಕೇಳಿಸ್ಕೊಂಡ್ರೇನ್ರೇ?" ಆಮೇಲೆ ಎರಡು ಕೈಯ ಬೆರಳುಗಳನ್ನು ಹಲ್ಲಿಗೆ ಹಲ್ಲು ಕೂಡಿಸುವ ಹಾಗೆ ಜೋಡಿಸಿ ತೋರಿಸಿದರು. "ಒಂದು ನೆಟ್ಟಗೆ ಇಡು, ಅದರ ಪಕ್ಕ ಇನ್ನೊಂದು ತಲೆಕೆಳಗೆ ಇಡು. ಏನಾಯ್ತು? ಗೋಡೆ ಆಯ್ತು. ಮೆಟ್ಟಿಲು ಅಳೆಯೋದು ಕಷ್ಟ ಮಗಾ, ಗೋಡೆ ಅಳೆಯೋದು ಸುಲಭ. ಗೋಡೆ ಅಳಿ, ಅರ್ಧಕ್ಕೆ ಕತ್ತರಿಸು. ನಮ್ಮಜ್ಜಿಗೆ ತನ್ನ ಹೆಸರು ಬರೆಯೋಕೆ ಬರ್ತಿರ್ಲಿಲ್ಲ, ಒಂದು ಬೆರಳು ತಂತಿ ದಂಡ ಮಾಡಿದವಳಲ್ಲ."

ನುವ್ವಾರಾ ಬಲೆಬಟ್ಟೆಯ ಮೇಲೆ ಬಗ್ಗಿದಳು. ನೆಟ್ಟಗಿನ ತ್ರಿಕೋನದಲ್ಲಿ ಒಂದು ಇರುವ ಸಾಲಿಗೆ ತಲೆಕೆಳಗಿನದರಲ್ಲಿ ಹದಿನೈದು. ಸೇರಿ ಹದಿನಾರು. ಮೂರು ಇರುವಲ್ಲಿ ಹದಿಮೂರು. ಮತ್ತೆ ಹದಿನಾರು. ಐದಕ್ಕೆ ಹನ್ನೊಂದು. ಎಂಟು ಸಾಲು, ಎಲ್ಲದರಲ್ಲೂ ಹದಿನಾರು. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ನನ್ನ ತೊಡೆಯ ಮೇಲೆ ಬೆರಳಿನಿಂದ ಬರೆಯತೊಡಗಿದಳು. ನೋವಾಗುವಷ್ಟು ಒತ್ತಿ.

"ಐದು, ಅರವತ್ತೆರಡು: ಅರವತ್ತೇಳು. ಎಂಟು, ಐವತ್ತೊಂಬತ್ತು: ಅರವತ್ತೇಳು. ಹನ್ನೊಂದು, ಐವತ್ತಾರು..." ಅವಳು ನನ್ನ ಕಡೆ ತಿರುಗಿದಳು. "ಇಂಜಿ ಓದಿದ್ದು ನೆಟ್ಟಗೆ. ನಾನು ಓದಿದ್ದು ತಲೆಕೆಳಗೆ. ಎರಡೂ ಸೇರಿದ್ರೆ ಗೋಡೆ. ಇಪ್ಪತ್ತು ಸಾಲು, ಅರವತ್ತೇಳು ಅಗಲ. ಅರ್ಧಕ್ಕೆ ಕತ್ತರಿಸಿದ್ರೆ ಆರುನೂರ ಎಪ್ಪತ್ತು. ಸೂತ್ರ ಅಂದ್ರೆ ಇಷ್ಟೇನಾ?"

ನನಗೆ ಪೂರ್ತಿ ಅರ್ಥವಾಗಲಿಲ್ಲ. ಇಷ್ಟೇ ಇರಬಹುದು ಎಂದೆ.

ಆ ಮಧ್ಯಾಹ್ನದಿಂದ ಅವಳು ಮೊದಲಿನಿಂದ ಶುರು ಮಾಡಿದಳು. ಇಂಜಿಯ ಬಳಿ ಕ್ಷಮೆ ಕೇಳುವ ಮಾತು ಬಾಯಿಗೆ ಬಂದಿರಲಿಲ್ಲ. ಆದ್ದರಿಂದ ಹೊಸ ನೋಟ್‌ಬುಕ್ ತಂದು, ಇಂಜಿಯದನ್ನು ಇಂಜಿಯ ಹಾಗೆಯೇ ಎಡದಿಂದ ಬಲಕ್ಕೆ ನಕಲು ಮಾಡಿದಳು. ಒಂದೂ ಕೆಂಪು ಚುಕ್ಕೆ ಇಲ್ಲ, ಪ್ರತಿ ಉತ್ತರದ ಕೆಳಗೆ ಎರಡು ಗೆರೆ. ನಕಲು ಮಾಡಿದ ಪ್ರತಿ ಲೆಕ್ಕವನ್ನೂ ತನ್ನ ಪುಸ್ತಕದಲ್ಲಿ ಬಲದಿಂದ ಎಡಕ್ಕೆ, ನಮ್ಮ ಅಂಕಿಗಳಲ್ಲಿ, ಮತ್ತೆ ಮಾಡಿದಳು. ಐದನೇ ಪದ ಹದಿನೇಳು ಬಂತು. ಹನ್ನೊಂದು ವಾರದ ಕೆಲಸ ಹದಿನಾರು ದಿನದಲ್ಲಿ ಮುಗಿಯಿತು, ಯಾಕೆಂದರೆ ಈಗ ಅವಳು ಪ್ರತಿ ಲೆಕ್ಕವನ್ನೂ ಎರಡು ತುದಿಯಿಂದಲೂ ನೋಡಬಲ್ಲವಳಾಗಿದ್ದಳು. ನಕಲಿನ ಕೊನೆಯ ಪುಟದಲ್ಲಿ ಎರಡು ತ್ರಿಕೋನ ಬರೆದು ಇಂಜಿಗೆ ಕಳಿಸಿದಳು. ಇಂಜಿ ಫೋನು ಮಾಡಿ, "ಏಯ್, ಆ ಗೋಡೆ ಲೆಕ್ಕ ಇನ್ನೊಂದ್ಸಲ ಹೇಳೇ, ನಾಳೆ ಮೇಷ್ಟ್ರನ್ನ ಸಿಗಿಸ್ಬೇಕು" ಎಂದಳು. ನುವ್ವಾರಾ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದಳು. ಅವಳ ಅಮ್ಮ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದಳು.

ಪರೀಕ್ಷೆಯ ದಿನ ಅಪ್ಪ ಮಗಳು ಮೈಕ್ರೋಬಸ್ಸಿನಲ್ಲಿ ಸೊಹಾಗ್‌ಗೆ ಹೋದರು. ಮನೆಯಲ್ಲಿ ಓದಿದವರಿಗೆಲ್ಲ ಒಂದೇ ಕೋಣೆ: ಹೆಂಗಸರು, ಹುಡುಗಿಯರು, ಮಗುವನ್ನು ಹೊರಗೆ ಅತ್ತೆಯ ಕೈಗೆ ಕೊಟ್ಟು ಬಂದವರು. ನುವ್ವಾರಾಳ ಪಕ್ಕದಲ್ಲಿ ವಫ್ದಿಯಾ ಎಂಬ ಮೂವತ್ತರ ಹೆಂಗಸು. ನಾಲ್ಕನೇ ಸಲ ಬರೆಯುತ್ತಿದ್ದಳು. ತನಗೆ ಫೈಲು ಅಟ್ಟದಿಂದ ಇಳಿಸಿಕೊಡುವ ಗುಮಾಸ್ತ ಗೊತ್ತು ಎಂದು ಕೂರುವ ಮೊದಲೇ ಹೇಳಿದ್ದಳು. ಕಾವಲಿಗೆ ಬಂದ ಮೇಷ್ಟ್ರು ಒಳ್ಳೆಯ ಮನುಷ್ಯ, ಕುತ್ತಿಗೆಗೆ ಕರವಸ್ತ್ರ ಹಾಕಿಕೊಂಡು ಬೆವರುತ್ತಿದ್ದರು.

ಪ್ರಶ್ನೆಪತ್ರಿಕೆ ನೋಡಿ ನುವ್ವಾರಾ ಮೊದಲು ಉಸಿರು ಬಿಟ್ಟಳು. ಎಲ್ಲ ಗೊತ್ತಿದ್ದವೇ. ಘಾತಗಳು ಮುಗಿದವು, ಲಾಗರಿದಮ್ ಮುಗಿಯಿತು. ಮೂರನೇ ಪ್ರಶ್ನೆ ಶ್ರೇಢಿ, ಒಂದರಿಂದಲೇ ಹತ್ತು ಅಂಕ: ಮೂರು, ಏಳು, ಹನ್ನೊಂದು, ಹೀಗೆ ಎಂಬತ್ತಮೂರರವರೆಗೆ ಎಲ್ಲವನ್ನೂ ಕೂಡಿ. ಅವಳು ಕೂಡಿದಳು. ಒಂಬೈನೂರ ಮೂರು.

ಅರ್ಧ ಗಂಟೆ ಉಳಿದಾಗ ಮೇಷ್ಟ್ರು ಬಾಗಿಲ ಕಡೆ ನೋಡಿ, ಕರವಸ್ತ್ರ ಝಾಡಿಸಿ, ಗಾಳಿಗೆ ಹೇಳುವ ಹಾಗೆ ಹೇಳಿದರು: "ಮೂರನೇದು ಎಂಟುನೂರ ಅರವತ್ತು. ನಾನೇನೂ ಹೇಳಿಲ್ಲ. ದೇವರು ಎಲ್ಲರಿಗೂ ಸುಲಭ ಮಾಡ್ಲಿ."

ಇಡೀ ಕೋಣೆಯ ಪೆನ್ನುಗಳು ಒಮ್ಮೆಗೇ ಓಡಿದವು. ನುವ್ವಾರಾಳ ಪೆನ್ನು ನಿಂತಿತು. ಎಂಟುನೂರ ಅರವತ್ತು. ಮೂವತ್ತು ಜನರ ಹಾಳೆಯಲ್ಲಿ ಎಂಟುನೂರ ಅರವತ್ತು, ಅವಳೊಬ್ಬಳ ಹಾಳೆಯಲ್ಲಿ ಒಂಬೈನೂರ ಮೂರು. ಈ ಹತ್ತು ಹೋದರೆ ಹದಿನೈದು ದಾಟುವುದು ಖಾತ್ರಿ ಇಲ್ಲ. ಕೊನೆಯ ಅವಕಾಶ. ಮೇಷ್ಟ್ರು ಅಂದಮೇಲೆ ಮೇಷ್ಟ್ರು.

"ಏನ್ ನೋಡ್ತಾ ಕೂತಿದೀಯ, ಬರಿಯೇ!" ಎಂದಳು ವಫ್ದಿಯಾ ತುಟಿ ಅಲ್ಲಾಡಿಸದೆ. "ಬಿಟ್ಟಿ ಸಿಕ್ತಿದೆ."

ನುವ್ವಾರಾ ಇನ್ನೊಮ್ಮೆ ಮಾಡಿದಳು. ಎರಡು ತುದಿ ಸೇರಿದರೆ ಎಂಬತ್ತಾರು. ಮೂರರಿಂದ ಎಂಬತ್ತಮೂರಕ್ಕೆ ನಾಲ್ಕು ನಾಲ್ಕರ ಹೆಜ್ಜೆ ಇಪ್ಪತ್ತು. ಆದರೆ ಹೆಜ್ಜೆ ಇಪ್ಪತ್ತಾದರೆ ನಿಂತ ಜಾಗ ಇಪ್ಪತ್ತೊಂದು. ಬಲೆಬಟ್ಟೆಯಲ್ಲಿ ಇಪ್ಪತ್ತು ಕಣ್ಣು ಇರಬೇಕಾದರೆ ಇಪ್ಪತ್ತೊಂದು ಎಳೆ ಬೇಕು. ಹೊಸದಾಗಿ ಬಂದ ಹುಡುಗಿಯರು ಮೊದಲ ವಾರ ತಪ್ಪುವುದೇ ಇಲ್ಲಿ. ಇಪ್ಪತ್ತನ್ನು ಹಿಡಿದರೆ ಎಂಟುನೂರ ಅರವತ್ತು. ಇಪ್ಪತ್ತೊಂದು ಹಿಡಿದರೆ ಒಂಬೈನೂರ ಮೂರು. ಮೇಷ್ಟ್ರು ಎಲ್ಲಿ ಎಡವಿದರು ಎಂಬುದೇ ಕಂಡುಬಿಟ್ಟಿತು. ಕಂಡ ಮೇಲೆ ಅವಳ ಮನಸ್ಸಿಗೆ ಸಮಾಧಾನವಾಯಿತು.

"ಅದು ತಪ್ಪು" ಎಂದಳು.

"ಮೇಷ್ಟ್ರೇ ಹೇಳಿದಾರಲ್ಲೇ!"

"ಒಂದು ಪದ ಬಿಟ್ಟಿದಾರೆ."

ಕೋಣೆ ಅಷ್ಟು ಮೌನವಾಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ತಿರುಗಿದರು. "ಯಾರು ಬಿಟ್ಟಿದ್ದು?"

ಮೂವತ್ತು ಜೊತೆ ಕಣ್ಣು. ಅವಳು ಏಳಲಿಲ್ಲ. ಆದರೆ ಹಾಳೆಯನ್ನು ನಿಧಾನವಾಗಿ ಅವರ ಕಡೆ ತಿರುಗಿಸಿ, ಪೆನ್ನಿನ ತುದಿಯನ್ನು ಇಪ್ಪತ್ತೊಂದರ ಮೇಲಿಟ್ಟು, ತೆಗೆಯದೆ ಹಿಡಿದಳು. ಮೇಷ್ಟ್ರು ಬಗ್ಗಿದರು. ತುಟಿ ಅಲ್ಲಾಡಿಸುತ್ತಾ ಬೆರಳು ಮಡಚಿ ಎಣಿಸಿದರು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು. ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

"ನಾನು ಭೂಗೋಳದವನು ಕಣಮ್ಮಾ" ಎಂದರು ಸಣ್ಣ ದನಿಯಲ್ಲಿ. ಆಮೇಲೆ ಗಟ್ಟಿಯಾಗಿ: "ಮೂರನೇದು... ಒಂಬೈನೂರ ಮೂರು ಅಂತಿದಾಳೆ ಈ ಹುಡುಗಿ."

"ಒಂದು ತೀರ್ಮಾನಕ್ಕೆ ಬನ್ನಿ ಮೇಷ್ಟ್ರೇ!" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು. "ನಾನು ಪೆನ್ನಲ್ಲಿ ಬರ್ದಾಯ್ತು!"

"ನನ್ನ ತೀರ್ಮಾನ ಏನಂದ್ರೆ, ಇನ್ನು ನಾನು ಬಾಯಿ ಬಿಡಲ್ಲ. ನಿಮ್ಮ ತಲೆ, ನಿಮ್ಮ ಹಾಳೆ."

ವಫ್ದಿಯಾ ನುವ್ವಾರಾಳ ಹಾಳೆ ನೋಡಿದಳು, ಮೇಷ್ಟ್ರ ಬೆವರು ನೋಡಿದಳು, ತನ್ನ ಎಂಟುನೂರ ಅರವತ್ತನ್ನು ಎರಡು ಗೆರೆ ಎಳೆದು ಹೊಡೆದಳು. "ಮೂರು ಸಲ ಮೇಷ್ಟ್ರನ್ನ ನಂಬಿ ಹೋದೆ" ಎಂದಳು. "ಈ ಸಲ ನಿನ್ನನ್ನ ನಂಬಿ ಹೋಗ್ತೀನಿ."

ಫಲಿತಾಂಶವನ್ನು ಜುಲೈ ಕೊನೆಯಲ್ಲಿ ಕಚೇರಿಯ ಗೋಡೆಗೆ ಅಂಟಿಸಿದರು. ನುವ್ವಾರಾ ಜನರೆಲ್ಲ ಹೋಗುವವರೆಗೆ ಕಾದು ಹತ್ತಿರ ಹೋದಳು. ಬೀಜಗಣಿತದ ಎದುರು ಇಪ್ಪತ್ತೇಳು. ಒಮ್ಮೆ ಬಲದಿಂದ ಓದಿದಳು, ಇನ್ನೊಮ್ಮೆ ಅದೇ ಸಾಲಿನಲ್ಲಿ ತನ್ನ ಹೆಸರೇ ಇದೆಯೇ ಎಂದು ಬೆರಳಿಟ್ಟು ನೋಡಿದಳು. ಗುಮಾಸ್ತ ಕಿಟಕಿಯಿಂದ ಇಣುಕಿ, "ಏನಮ್ಮಾ, ಅಟ್ಟದಲ್ಲಿ ನಿನಗೆ ಅಂತ ಜಾಗ ಮಾಡಿಟ್ಟಿದ್ದೆ, ದಂಡ ಆಯ್ತು" ಎಂದ. ಮೂರನೇ ವರ್ಷದ ಅರ್ಜಿಯನ್ನು ಕೊಡುತ್ತಾ, ಅವಳು ಆರಿಸಿದ ವಿಭಾಗದಲ್ಲಿ ಮುಂದಿನ ವರ್ಷ ಬೀಜಗಣಿತ ಇರುವುದಿಲ್ಲ, ಖುಷಿಪಡು ಎಂದೂ ಹೇಳಿದ.

ಅವಳು ಅರ್ಜಿಯನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. "ಬೀಜಗಣಿತ ಇರೋ ವಿಭಾಗಕ್ಕೆ ಹೋಗೋಕೆ ಏನು ಮಾಡ್ಬೇಕು?" ಎಂದು ಕೇಳಿದಳು. ಗುಮಾಸ್ತ ಕಿವಿ ಮುಂದೆ ಮಾಡಿದ, ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದಳು. ಅದಕ್ಕೆ ಬೇರೆ ಅರ್ಜಿ, ಹಿರಿಯ ಅಧಿಕಾರಿಯನ್ನು ನೀನೇ ಕಂಡು ಕೇಳಬೇಕು, ಅವರು ಭಾನುವಾರ ಮಾತ್ರ ಸಿಗುತ್ತಾರೆ ಎಂದ.

ಬರುವ ಭಾನುವಾರ ಬೆಳಿಗ್ಗೆ ಏಳರ ಮೈಕ್ರೋಬಸ್ಸಿಗೆ ನುವ್ವಾರಾ ಸೊಹಾಗ್‌ಗೆ ಹೋಗಿ ಆ ಅಧಿಕಾರಿಯನ್ನು ಕಂಡು ಕೇಳುತ್ತಾಳೆ.